ತಿಪ್ಪಯ್ಯ ಮೇಷ್ಟ್ರು ಕಿತ್ತುಕೊಂಡ ಪುಸ್ತಕ

ಹುಡುಗ ಇಂಗ್ಲಿಷ್ ಪಾಠ ಓದಿ ಮುಗಿಸುವುದೇ ತಡ, ತಿಪ್ಪಯ್ಯ ಮೇಷ್ಟ್ರು ಅವನ ಪುಸ್ತಕ ಕಿತ್ತುಕೊಂಡು ಕಂಕುಳಲ್ಲಿಟ್ಟುಕೊಳ್ಳುತ್ತಿದ್ದರು. "ಈಗ ಹೇಳಪ್ಪ, ಅದ್ರಾಗೆ ಏನೈತೆ? ನಿಮ್ಮವ್ವನ ಮುಂದೆ ಹೇಳ್ದಂಗೆ ಹೇಳು." ಹೊಸದುರ್ಗದ ನಮ್ಮ ಶಾಲೆಯಲ್ಲಿ ಉಳಿದವರೆಲ್ಲ ಬೆತ್ತ ಹಿಡಿದು ಬಾಯಿಪಾಠ ಮಾಡಿಸುತ್ತಿದ್ದರೆ ಇವರಿಗೆ ಇದೊಂದು ಹುಚ್ಚು.

ಒಂದು ಪಾಠದಲ್ಲಿ ಹಿಮ ಬೀಳುವ ಊರಿನ ಮುದುಕನೊಬ್ಬ ಬಾಗಿಲು ಹಾಕಿಕೊಂಡು ಬೆಂಕಿ ಕಾಯಿಸಿಕೊಳ್ಳುತ್ತಿದ್ದ. ಬಾಗಿಲು ಯಾಕೆ ಹಾಕಿದ ಎಂದು ಮೇಷ್ಟ್ರು ಕೇಳಿದರು. ಹಿಮವೆಂದರೆ ನಮಗೇನು ಗೊತ್ತು? "ಕುರಿ ಒಳಗೆ ನುಗ್ತಾವೆ ಅಂತ ಸಾ," ಎಂದೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ.

"ತಪ್ಪು, ಚಳಿಗೆ ಹಾಕ್ಯಾನೆ. ಆದ್ರೆ ಇವನು ಆ ಮುದುಕನ ಮನೆ ಒಳಗೆ ಹೋಗಿ ನೋಡ್ಯಾನೆ ಕಣ್ರಲೇ. ನೀವಿನ್ನೂ ಹೊರಗೇ ನಿಂತೀರಿ."

ಅಂದಿನಿಂದ ನನಗೆ ಇಂಗ್ಲಿಷಿನ ಹೆದರಿಕೆ ಹೋಯಿತು.

ಆ ವರ್ಷ ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಪುಸ್ತಕ ನೋಡದೆ ಇಂಗ್ಲಿಷಿನಲ್ಲಿ ಪಾಠ ಒಪ್ಪಿಸಲು ಹೇಳಿದರು. ನಾವು ಉತ್ಸಾಹದಿಂದ ಕಥೆಯನ್ನೆಲ್ಲ ಕನ್ನಡದಲ್ಲಿ ಹೇಳಿದೆವು. "ಇಂಗ್ಲಿಷ್ ಪಾಠ ಕನ್ನಡದಲ್ಲೇನ್ರಿ? ಮುಂದಿನ ಸಲವೂ ಹೀಗೇ ಇದ್ದರೆ ಈ ಕೆಲಸ ಮರೆತುಬಿಡಿ," ಎಂದು ಸಾಹೇಬರು ನಮ್ಮೆದುರೇ ಮೇಷ್ಟ್ರನ್ನು ಗದರಿದರು. ಮನೆ ತುಂಬ ಮಕ್ಕಳಿದ್ದ ಮೇಷ್ಟ್ರು ತಲೆ ತಗ್ಗಿಸಿ ನಿಂತರು.

ಮರುದಿನದಿಂದ ಅವರೂ ಪ್ರಶ್ನೆ, ಉತ್ತರ ಬರೆಸತೊಡಗಿದರು. ಮುಂದಿನ ತನಿಖೆಯಲ್ಲಿ ನಾವು ಗಿಳಿಪಾಠ ಒಪ್ಪಿಸಿದೆವು, ಸಾಹೇಬರು ತಲೆದೂಗಿದರು. ಮೇಷ್ಟ್ರ ಕೆಲಸ ಉಳಿಯಿತು. ಆಮೇಲೆ ಅವರು ಯಾರ ಕೈಯಿಂದಲೂ ಪುಸ್ತಕ ಕಿತ್ತುಕೊಳ್ಳಲಿಲ್ಲ.

ನಾನೂ ಹೊಳಲ್ಕೆರೆಯಲ್ಲಿ ಮೇಷ್ಟ್ರಾದ ಮೇಲೆ ಒಮ್ಮೆ ಅವರು ರಾಮಗಿರಿ ಸ್ಟೇಷನ್ನಿನಲ್ಲಿ ಸಿಕ್ಕರು. ತೀರ ಸೊರಗಿದ್ದರು. ಕಾಲಿಗೆ ಬಿದ್ದು, ಕೇಳಿ ಸಂತೋಷಪಡಲಿ ಎಂದು ಹೇಳಿದೆ: "ಸಾ, ನೀವು ಬರೆಸಿದ ಪ್ರಶ್ನೆ ಉತ್ತರಾನೇ ನನ್ ಹುಡುಗ್ರಿಗೂ ಬಾಯಿಪಾಠ ಮಾಡಿಸ್ತೀನಿ. ಒಬ್ನೂ ಫೇಲಾಗಿಲ್ಲ."

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. "ಅದನ್ನೇ ಹಿಡ್ಕಂಡ್ಯೇನಪ್ಪ? ಅದು ನಾನು ಹೊಟ್ಟೆಪಾಡಿಗೆ ಮಾಡಿದ್ದು. ನಿಂಗೆ ಕಲಿಸಿದ್ದು ಅದಲ್ಲ."

ರೈಲು ಬಂತು. ಗಂಟು ಎತ್ತಿಕೊಡಲು ಹೋದೆ. ಬೇಡವೆಂದು ತಾವೇ ಹೊತ್ತು ಹತ್ತಿದರು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಹುಡುಗರು ಒಟ್ಟಿಗೆ ಕೂಗಿ ಪಾಠ ಒಪ್ಪಿಸುತ್ತಿದ್ದರು. ಅವರನ್ನು ನಿಲ್ಲಿಸಿ, ಅದರಲ್ಲಿ ಏನಿದೆಯೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮುಂದಿನ ವಾರ ತನಿಖೆಯಿತ್ತು.