ಖಾಲಿಯೆಂದುಕೊಂಡ ಕಾಗದ

ಅಕ್ಷರ ಬಲ್ಲವನೆಂಬ ಹೆಮ್ಮೆ ನನಗೆ ಮೊದಲಿನಿಂದಲೂ ಸ್ವಲ್ಪ ಜಾಸ್ತಿ. ಅದು ಇಳಿದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಕೋಣಂದೂರಿನಲ್ಲಿ ಮೇಷ್ಟ್ರಾಗಿದ್ದಾಗ. ನನ್ನ ಹೆಸರಿಗೇ ಬಂದ ಕಾಗದವನ್ನು ಓದಲಾರದೆ, ಕಳಿಸಿದವರನ್ನೇ ಎರಡು ತಿಂಗಳು ಮನಸ್ಸಿನಲ್ಲಿ ಬೈದುಕೊಂಡಿದ್ದೆ.

ನಾನು ಬಾಡಿಗೆಗಿದ್ದ ಮನೆಯ ಗೌಡರಿಗೆ ಸೀತಮ್ಮ ಎಂಬ ತಂಗಿ. ಹುಟ್ಟಿನಿಂದಲೇ ಕಣ್ಣು ಕಾಣದು. ಚಿಕ್ಕಂದಿನಲ್ಲಿ ದೂರದ ಅಂಧರ ಶಾಲೆಯಲ್ಲಿದ್ದು ಬ್ರೈಲ್ ಕಲಿತು ಬಂದವರು. ಒಂದು ದಿನ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಹೇಳಿದರು: "ಒಂದಕ್ಷರ ಓದಿ ಹದಿನೈದು ವರ್ಷ ಆತು ಮೇಷ್ಟ್ರೇ. ಬೆರಳಿಗೆ ಮರ್ತೇ ಹೋಗಿದ್ಯೋ ಏನೋ."

ಆ ಮಾತು ನನ್ನನ್ನು ಬಿಡಲಿಲ್ಲ. ಬ್ರೈಲ್ ಮಾಸಪತ್ರಿಕೆಯನ್ನು ಉಚಿತವಾಗಿ ಕಳಿಸುವ ಸಂಸ್ಥೆಯೊಂದರ ವಿಳಾಸ ಹುಡುಕಿ, ಯಾರಿಗೂ ಹೇಳದೆ ನನ್ನ ಹೆಸರಿನಲ್ಲೇ ಬರೆದೆ. ಪತ್ರಿಕೆ ಬಂದ ದಿನ ಸೀತಮ್ಮನ ಕೈಗಿಟ್ಟು ದೊಡ್ಡವನೆನಿಸಿಕೊಳ್ಳುವ ಆಸೆ. 'ನಿಮಗೊಂದು ಪತ್ರ ಕಳಿಸುತ್ತೇವೆ. ಅದಕ್ಕೆ ಉತ್ತರ ಬಂದ ಮೇಲೆ ಪಟ್ಟಿಗೆ ಸೇರಿಸುತ್ತೇವೆ' ಎಂದು ಅಚ್ಚಾದ ಕಾರ್ಡು ಬಂತು.

ವಾರದ ಮೇಲೆ ಸ್ಟಾಂಪಿಲ್ಲದ ಕವರೊಂದು ಬಂತು. ಒಳಗೆ ದಪ್ಪನೆಯ ಖಾಲಿ ಹಾಳೆ. ಮೈಯೆಲ್ಲ ಗುಳ್ಳೆ ಎದ್ದಿತ್ತು; ದಾರಿಯಲ್ಲಿ ತೇವ ತಗುಲಿರಬೇಕು ಅಂದುಕೊಂಡೆ. ಬ್ರೈಲ್ ಎಂದರೆ ಹಿತ್ತಾಳೆ ಪಾತ್ರೆಯ ಮೇಲೆ ಹೆಸರು ಹಾಕಿಸಿದಂತೆ ಉಬ್ಬಿದ ಅಆಇಈ ಎಂದೇ ನನ್ನ ಕಲ್ಪನೆ. ಗಟ್ಟಿ ಕಾಗದ, ಹಾಳುಮಾಡುವುದೇಕೆಂದು ಹಾಜರಿ ಪುಸ್ತಕಕ್ಕೆ ರಟ್ಟು ಹಾಕಿದೆ. 'ಪತ್ರ ತಲುಪಿಲ್ಲ, ಮತ್ತೆ ಕಳಿಸಿ' ಎಂದು ಬರೆದೆ. ಖಾಲಿ ಹಾಳೆಯ ಸಂಗತಿ ಬರೆದರೆ ಅಲ್ಲಿಯ ಗುಮಾಸ್ತರಿಗೆ ಅವಮಾನವಾದೀತೆಂದು ದೊಡ್ಡ ಮನಸ್ಸು ಮಾಡಿ ಬಿಟ್ಟೆ. ಮತ್ತೊಂದು ಖಾಲಿ ಹಾಳೆ ಬಂತು. ಮತ್ತೆ ಬರೆದೆ.

ಮೂರನೆಯದನ್ನು ತಂದ ದಿನ ಪೋಸ್ಟ್‌ಮ್ಯಾನ್ ಶೇಷಪ್ಪ ಜಗಲಿಯಿಂದ ಏಳಲಿಲ್ಲ.

"ಸ್ಟಾಂಪಿಲ್ದೆ ಬಂದ್ರೆ ದಂಡ ಹಾಕ್ತಾರೆ ಮೇಷ್ಟ್ರೇ. ಇದಕ್ಕೆ ಒಂದ್ಸಲಾನೂ ಹಾಕಿಲ್ಲ. ಯಾಕೆ ಅಂತ ನೋಡಿದ್ರಾ?"

ಕವರಿನ ಮೂಲೆಯಲ್ಲಿ ಮಾಸಿದ ಮೊಹರಿನತ್ತ ಬೆರಳು ತೋರಿಸಿದ. ಅಂಧರ ಟಪಾಲು ಎಂದಿತ್ತು. ಹಾಳೆಯ ಗುಳ್ಳೆಗಳೇ ಅಕ್ಷರ! ಪ್ರಶ್ನೆಯನ್ನು ಎರಡೆರಡು ಸಲ ಓದಿ ಎಂದು ದಿನಾ ಮಕ್ಕಳಿಗೆ ಹೇಳುವವನು ನಾನು.

ಹಾಳೆಯನ್ನು ಸೀತಮ್ಮನ ಕೈಗೆ ಕೊಟ್ಟೆವು. ಬೆರಳು ಒಮ್ಮೆ ಹರಿದಾಡಿ ನಿಂತಿತು. ಅವರು ಸೆರಗಿನಿಂದ ಕೈ ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದರು. ತಡವರಿಸುತ್ತ, ಒಂದೊಂದೇ ಅಕ್ಷರ: 'ಓದುವವರೇ ಬ್ರೈಲಿನಲ್ಲಿ ಉತ್ತರಿಸಬೇಕು. ಇದು ಕೊನೆಯ ಪತ್ರ. ಈ ತಿಂಗಳೊಳಗೆ ಉತ್ತರ ಬಾರದಿದ್ದರೆ ಅರ್ಜಿ ಕೈಬಿಡುತ್ತೇವೆ.'

ತಿಂಗಳು ಮುಗಿಯಲು ಎರಡೇ ದಿನವಿತ್ತು. ಬ್ರೈಲ್ ಬರೆಯುವ ಸಲಕರಣೆ ಏನೂ ಇರಲಿಲ್ಲ.

"ಟಪಾಲಿನ ಬಸ್ಸು ನಾಲ್ಕಕ್ಕೆ. ಚೀಲ ಕಟ್ಟೋ ಮುಂಚೆ ಬಂದು ತಗೊಂಡು ಹೋಗ್ತೀನಿ, ನೀವು ಬರೀರಿ," ಎಂದು ಶೇಷಪ್ಪ ಸೈಕಲ್ ಹತ್ತಿದ.

ಸೀತಮ್ಮ ಗೋಣಿ ಹೊಲಿಯುವ ದಬ್ಬಳ ತರಿಸಿದರು. ಕಂಬಳಿ ಮಡಚಿ, ಅದರ ಮೇಲೆ ದಪ್ಪ ಕಾಗದವಿಟ್ಟು ಚುಚ್ಚತೊಡಗಿದರು. ಚುಕ್ಕೆ ಏಳುವುದು ಕಾಗದದ ಆಚೆ ಮಗ್ಗುಲಿಗೆ. ಹಾಗಾಗಿ ಪ್ರತಿ ಅಕ್ಷರವನ್ನೂ ತಲೆಯಲ್ಲೇ ಎಡಬಲ ತಿರುಗಿಸಿ, ಬಲದಿಂದ ಎಡಕ್ಕೆ ಬರೆಯಬೇಕು. ಹದಿನೈದು ವರ್ಷ ಬಿಟ್ಟ ವಿದ್ಯೆ. ಎರಡು ಹಾಳೆ ಕೆಟ್ಟವು. ಮೂರನೆಯದು ಮುಗಿಯುವ ಹೊತ್ತಿಗೆ ಶೇಷಪ್ಪನ ಗಂಟೆ ಕೇಳಿಸಿತು.

"ಎಂತ ಬರೆದ್ರಿ?" ಎಂದು ಕೇಳಿದೆ.

ಬೆರಳಾಡಿಸಿ ಓದಿದರು: "ನಮ್ಮ ಮೇಷ್ಟ್ರಿಗೆ ಓದಲು ಬರುವುದಿಲ್ಲ. ನನಗೆ ಬರುತ್ತದೆ. ದಯವಿಟ್ಟು ಕಳಿಸಿ."

ನನ್ನ ಬಗ್ಗೆ ಯಾರೂ ಇಷ್ಟು ನಿಖರವಾಗಿ ಬರೆದದ್ದಿಲ್ಲ.

ಮುಂದಿನ ತಿಂಗಳು ಪತ್ರಿಕೆ ಬಂತು. ಮಧ್ಯಾಹ್ನದ ಊಟವಾದ ಮೇಲೆ ಸೀತಮ್ಮ ಓದುವುದನ್ನು ಮನೆಮಂದಿಯೆಲ್ಲ ಕೂತು ಕೇಳಿದರು, ಶೇಷಪ್ಪನೂ. ನಾನು ಸೀತಮ್ಮನ ಶಿಷ್ಯನಾದೆ. ಮೊದಲ ಪಾಠದಲ್ಲಿ ಚುಕ್ಕೆಗಳನ್ನು ಬೆಳಕಿಗೆ ಹಿಡಿದು, ಓರೆಮಾಡಿ, ಎಣಿಸಿ ಒದ್ದಾಡುತ್ತಿದ್ದೆ. ಅವರಿಗೆ ಹೇಗೆ ತಿಳಿಯಿತೋ, ಮೆಲ್ಲಗೆ ಹೇಳಿದರು:

"ನೀವು ನೋಡ್ತಾ ಇದೀರಿ ಮೇಷ್ಟ್ರೇ. ಅದಕ್ಕೇ ಓದಕ್ಕಾಗ್ತಿಲ್ಲ."