ಪಾಳೇಗಾರನ ಹಸಿವು

ನಾವು ಮನೆಯಲ್ಲಿ ಮೀನು ಸಾಕಿದ್ದೆವು ಎಂದರೆ ನಮ್ಮ ನೆಂಟರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಅನುಮಾನದಿಂದ ಅಡುಗೆಮನೆಯ ಕಡೆ ನೋಡುತ್ತಾರೆ. ಅವರ ತಪ್ಪೇನೂ ಇಲ್ಲ. ಅತ್ತೆಯ ಲಿಂಗಪೂಜೆ ಮುಗಿಯದೆ ಒಲೆಯ ಮೇಲೆ ಕಾಫಿಯ ಪಾತ್ರೆ ಕೂಡ ಏರದ ಮನೆ ನಮ್ಮದು. ಮೊಟ್ಟೆಯನ್ನು ಹೆಸರು ಹಿಡಿದು ಕರೆಯುವುದಕ್ಕೂ ಹಿಂಜರಿಯುತ್ತೇವೆ. ಅಂಥ ಮನೆಯ ಹಾಲಿನಲ್ಲಿ, ಟಿ.ವಿ.ಯ ಪಕ್ಕ, ಎರಡು ಕೊಡ ನೀರು ಹಿಡಿಯುವ ಗಾಜಿನ ತೊಟ್ಟಿಯೊಳಗೆ, ಹುಳ ಬಿಟ್ಟರೆ ಬೇರೇನನ್ನೂ ಮನಸ್ಸಿಟ್ಟು ತಿನ್ನದ ಒಬ್ಬ ಮಹಾಶಯ ಒಂದೂವರೆ ವರ್ಷ ಸಂಸಾರ ಮಾಡಿಕೊಂಡಿದ್ದ.

ಅವನು ಬೆಟ್ಟಾ ಮೀನು. ಅಂಗಡಿಯವರು ಫೈಟರ್ ಎನ್ನುತ್ತಾರೆ. ಮೈ ಕಡುನೀಲಿ, ಬಾಲ ಮಾತ್ರ ಕೆಂಪು. ನೀಲಿ ರೇಷ್ಮೆ ಸೀರೆಗೆ ಯಾರೋ ಅವಸರದಲ್ಲಿ ಬೇರೆ ಸೆರಗು ಹೊಲಿದ ಹಾಗೆ. ನನ್ನ ಗಂಡ ಉಮೇಶ್ ಗುಬ್ಬಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಮೀನೂ ಗಾಳಿ ಕುಡಿಯಬಲ್ಲದು ಎಂದು ಮಕ್ಕಳಿಗೆ ತೋರಿಸಲು ಅದನ್ನು ಕೊಂಡಿದ್ದರು. ಇವುಗಳ ಪೂರ್ವಿಕರು ದೂರದ ದೇಶದ ಭತ್ತದ ಗದ್ದೆಗಳಲ್ಲಿ, ಮೊಣಕಾಲುದ್ದದ ಕೊಚ್ಚೆ ನೀರಿನಲ್ಲಿ ಬಾಳಿದವರಂತೆ. ನೀರು ಕೆಟ್ಟರೆ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಳ್ಳುವ ವಿದ್ಯೆ ಅಲ್ಲೇ ಕಲಿತರು. ಆ ವಿದ್ಯೆಯೇ ಈಗ ಅವರಿಗೆ ಮುಳುವಾಗಿದೆ. ಹೇಗಿದ್ದರೂ ಬದುಕುತ್ತವೆ ಎಂದು ಜನ ಅವನ್ನು ಹಾರ್ಲಿಕ್ಸ್ ಬಾಟಲಿಯಲ್ಲೂ ಇಡುತ್ತಾರೆ. ದಸರಾ ರಜೆಯಲ್ಲಿ ಸ್ಕೂಲಿಗೆ ಬೀಗ ಬಿತ್ತು. ಮೀನು ಬಾಟಲಿಯ ಸಮೇತ ಸ್ಕೂಟರಿನಲ್ಲಿ ಕೂತು ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂತು. ರಜೆ ಮುಗಿದ ಮೇಲೆ ವಾಪಸು ಹೋಗಲಿಲ್ಲ.

ಮೊದಲ ದಿನ ಅತ್ತೆ ಬಾಟಲಿಯಿಂದ ದೂರವೇ ನಿಂತರು. "ನಮ್ಮಂಥೋರ ಮನೇಲಿ ಮೀನಾ? ನೋಡ್ದೋರು ಏನಂತಾರೋ ಉಮೇಶ?" ಎಂದರು. ಇವರು, "ತಿನ್ನಕ್ಕಲ್ಲ ಕಣಮ್ಮ, ನೋಡಕ್ಕೆ" ಎಂದರು. ಅತ್ತೆ ನೋಡಿದರು. ಅದೂ ನೋಡಿತು. ಆಮೇಲೆ ಕಿವಿರಿನ ಪಕ್ಕದ ಪೊರೆಯನ್ನು ಕೊಡೆಯಂತೆ ಬಿಚ್ಚಿ, ಬಾಲ ಅರಳಿಸಿ, ತನ್ನ ಬೆರಳುದ್ದದ ಮೈಯನ್ನೆಲ್ಲ ಸೆಟೆಸಿಕೊಂಡು ಅತ್ತೆಯ ಮೇಲೆ ಯುದ್ಧಕ್ಕೆ ನಿಂತಿತು. ಕುಣಿಗಲ್ ಸೀಮೆಯಲ್ಲಿ, ಮಾರ್ಕೋನಹಳ್ಳಿ ಅಣೆಕಟ್ಟಿನ ಹಿನ್ನೀರಿನ ಪಕ್ಕ ಹುಟ್ಟಿ ಬೆಳೆದ ಅತ್ತೆ ಮೀನುಗಳನ್ನು ಬೇಕಾದಷ್ಟು ಕಂಡಿದ್ದರು. ತಮ್ಮನ್ನು ಹೆದರಿಸುವ ಮೀನನ್ನು ಕಂಡದ್ದು ಅದೇ ಮೊದಲು. "ಅಬ್ಬಬ್ಬ, ಏನ್ಲಾ ನಿನ್ ಗತ್ತು! ಪಾಳೇಗಾರನ ವಂಶದೋನೇನ್ಲಾ?" ಎಂದು ನಕ್ಕರು. ಹೆಸರಿಟ್ಟವರು ಅವರೇ. ಹೆಸರಿಟ್ಟ ಮೇಲೆ ಹೊರಗೆ ಕಳಿಸುವುದು ಹೇಗೆ?

ಬಾಟಲಿ ಹೋಗಿ ತೊಟ್ಟಿ ಬಂದದ್ದೂ, ತೊಟ್ಟಿಗೆ ಜೊತೆಗಾರರು ಬಂದದ್ದೂ ಅತ್ತೆಯ ಹಟದಿಂದ. ಒಂಟಿಯಾಗಿ ಇಡಬಾರದು ಎಂದು ಅವರ ವಾದ. ನಾನು ಬಣ್ಣಕ್ಕೆ ಮರುಳಾಗಿ ಉದ್ದ ಬಾಲದ ಗಪ್ಪಿಗಳನ್ನು ತಂದೆ. ಬಾಲ ಇಟ್ಟುಕೊಂಡು ಓಡಾಡುವ ಹಕ್ಕು ತನಗೊಬ್ಬನಿಗೇ ಸೇರಿದ್ದೆಂದು ಪಾಳೇಗಾರ ನಂಬಿದ್ದ. ಸಂಜೆಯೊಳಗೆ ಗಪ್ಪಿಗಳ ಬಾಲ ಇಲಿ ಕಡಿದ ಬಟ್ಟೆಯಾಯಿತು. ಅವನ್ನು ಬಕೆಟ್ಟಿಗೆ ಎತ್ತಿ, ಉಪಚಾರ ಮಾಡಿ, ಪಕ್ಕದ ಮನೆಯವರ ತೊಟ್ಟಿಗೆ ದಾಟಿಸಿದೆವು. ಅಂಗಡಿಯವನು ಎರಡನೇ ಸಲ ಸರಿಯಾದ ಸಂಬಂಧ ತೋರಿಸಿದ: ತಳದಲ್ಲೇ ಓಡಾಡಿಕೊಂಡು ಬಿದ್ದದ್ದನ್ನು ಹೆಕ್ಕುವ, ಮೀಸೆಯುಳ್ಳ, ಮಣ್ಣಿನ ಬಣ್ಣದ ಕೋರಿ ಮೀನುಗಳು ಮತ್ತು ಒಂದು ಬಸವನಹುಳು. ಪಾಳೇಗಾರ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅವನದು ಮೇಲಿನ ನೀರು, ಅವರದು ಕೆಳಗಿನ ನೀರು. ಒಂದೇ ಸೂರಿನ ಕೆಳಗೆ ಹೀಗೆ ಮಹಡಿ ಹಂಚಿಕೊಂಡು ನೆಮ್ಮದಿಯಾಗಿರುವವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾದದ್ದೂ ಉಂಟು.

ಉಳಿದದ್ದು ಊಟದ ಪ್ರಶ್ನೆ. ಬೆಟ್ಟಾದ ಹೊಟ್ಟೆ ಅದರ ಕಣ್ಣಿನಷ್ಟೇ ದೊಡ್ಡದು ಎಂದು ಅಂಗಡಿಯವನು ಹೇಳಿದ್ದ. ಬೆಳಿಗ್ಗೆ ಒಂದೆರಡು ಕಾಳು, ಸಂಜೆ ಒಂದೆರಡು ಕಾಳು, ವಾರಕ್ಕೊಂದು ಉಪವಾಸ. ಆ ಕಾಳು ನೋಡಲು ರಾಗಿಯಂತೆಯೇ ಇತ್ತು. ಅದರಲ್ಲಿ ಸಿಗಡಿಯ ಪುಡಿ ಇದೆ ಎಂಬುದನ್ನು ನಾನು ಅತ್ತೆಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕಾಳು ಹಾಕುವ ಕೆಲಸ ನನ್ನದೆಂದು ತೀರ್ಮಾನವಾಯಿತು. ನಾನು ಹತ್ತಿರ ಹೋದರೆ ಸಾಕು, ಪಾಳೇಗಾರ ಗಾಜಿಗೆ ಮೂತಿ ಒತ್ತಿ, ಮೈಯೆಲ್ಲ ಬಳುಕಿಸಿ ಕುಣಿಯುತ್ತಿದ್ದ. ನನ್ನನ್ನು ಕಂಡರೆ ಅದಕ್ಕೆ ಪ್ರಾಣ ಎಂದು ನಾನು ಪಾಠ ಮಾಡುವ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಮನೆಯಲ್ಲಿ ನನ್ನನ್ನು ಕಂಡು ಕುಣಿಯುವವರು ಬೇರೆ ಯಾರೂ ಇರಲಿಲ್ಲವಲ್ಲ.

ಕಳೆದ ಚಳಿಗಾಲಕ್ಕೆ ಅತ್ತೆಯ ತಂಗಿ ಶಿವಮ್ಮ, ನನಗೆ ಚಿಕ್ಕತ್ತೆ, ಗುಬ್ಬಿಯಿಂದ ನಮ್ಮಲ್ಲಿಗೆ ಬಂದರು. ಅವರ ಮಗ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದ. ಗೃಹಪ್ರವೇಶದವರೆಗೆ ಅವರ ವಾಸ ನಮ್ಮಲ್ಲಿ. ಮನೆಯಲ್ಲಿ ಮಾತು ತುಂಬಿತು. ಅಕ್ಕ ತಂಗಿ ಸೇರಿ ಅವರೆಕಾಯಿ ಸುಲಿಯುತ್ತಾ ಸತ್ತವರನ್ನೂ ಇದ್ದವರನ್ನೂ ಒಂದೇ ಮೊರದಲ್ಲಿ ಹಾಕಿ ಕೇರುತ್ತಿದ್ದರು. ಚಿಕ್ಕತ್ತೆಗೆ ಬಡಿಸುವ ಹುಚ್ಚು. ಒಂದು ದಿನ ನನ್ನ ತಟ್ಟೆಗೆ ಬೇಡವೆಂದರೂ ಮುದ್ದೆ ಇಟ್ಟು, "ತಿನ್ನಮ್ಮ ಸುಮಾ. ಗುಬ್ಬೀಲಿ ನಾನ್ ಬಡಿಸಿದ್ರೆ ತಿನ್ನೋರೇ ಇಲ್ಲ. ಎಲ್ರೂ ಅವರವರ ಹೊತ್ತಿಗೆ ತಟ್ಟೆ ಹಾಕ್ಕೊಂಡ್ ತಿಂದು ಎದ್ದೋಯ್ತಾರೆ. ಅಜ್ಜಿ, ನಿಮ್ದಾಯ್ತಾ ಅಂತಾರೆ, ಅಷ್ಟೇಯ" ಎಂದರು. ನಗುತ್ತಲೇ ಹೇಳಿದರು. ನಾನೂ ನಗುತ್ತಲೇ ಇನ್ನರ್ಧ ಮುದ್ದೆ ತಿಂದೆ.

ಸಂಕ್ರಾಂತಿ ಕಳೆದ ಮೇಲೆ ಪಾಳೇಗಾರ ದಪ್ಪಗಾದ. ಮೊದಲು ನಾವು ಸಂತೋಷಪಟ್ಟೆವು. ಚಿಕ್ಕತ್ತೆ, "ಮೈ ಕೈ ತುಂಬ್ಕೊಂಡವ್ನೆ" ಎಂದು ದೃಷ್ಟಿ ತೆಗೆದರು. ತೊಟ್ಟಿಯ ಗಾಜಿನ ಮೇಲೆ ಸಾಸಿವೆಯಂಥ ಮರಿ ಬಸವನಹುಳುಗಳು ಎಲ್ಲಿಂದಲೋ ನೂರಾರು ಹುಟ್ಟಿಕೊಂಡವು. ಕೋರಿಗಳೂ ಗುಂಡಗಾದವು. ತೊಟ್ಟಿಯಲ್ಲಿ ಅನ್ನ ಮಿಕ್ಕಿದಾಗಲೇ ಹೀಗಾಗುವುದೆಂದು ನನಗೆ ಆಗ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಪಾಳೇಗಾರನ ಹೊಟ್ಟೆ ಊದಿ, ಹುರುಪೆಗಳೆಲ್ಲ ಹಲಸಿನ ಮೈಯಂತೆ ನಿಮಿರಿಕೊಂಡಿದ್ದವು. ಗಾಳಿ ಕುಡಿಯಲು ಮೇಲೆ ಬರುವುದಕ್ಕೂ ಪಡಿಪಾಟಲು. ಅಂಗಡಿಯವನಿಗೆ ಫೋನ್ ಮಾಡಿದೆವು, ನೀರು ಬದಲಾಯಿಸಿದೆವು, ಔಷಧಿ ಹಾಕಿದೆವು. ಅತ್ತೆ ಪೂಜೆಯ ವಿಭೂತಿ ತಂದು ಗಾಜಿನ ಹೊರಮೈಗೆ ಮೂರು ಬೆರಳಿನಲ್ಲಿ ಎಳೆದರು. ಚಿಕ್ಕತ್ತೆ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಅವನು ಗಾಜಿನ ಆಚೆ, ವಿಭೂತಿಯ ಪಟ್ಟೆಗಳ ಹಿಂದೆ, ತೊಟ್ಟಿಯ ಗಿಡದ ಎಲೆಗೆ ಒರಗಿಕೊಂಡು ಎಲ್ಲರನ್ನೂ ನೋಡಿದ. ಶಿವರಾತ್ರಿಗೆ ಇನ್ನೂ ದಿನಗಳಿರುವಾಗ, ಒಂದು ಮಧ್ಯಾಹ್ನ, ಹೋಗಿಬಿಟ್ಟ. ದಾಸವಾಳದ ಕುಂಡದಲ್ಲಿ ಮಣ್ಣು ಮಾಡಿದೆವು. ಬೆರಳುದ್ದದ ಜೀವಕ್ಕೆ ಇಷ್ಟು ಅಳುವುದೇ ಎಂದು ನಾಚಿಕೆಯಾಗಿ ಒಬ್ಬೊಬ್ಬರೂ ಒಂದೊಂದು ಕೋಣೆಗೆ ಹೋದೆವು.

ಮಾರನೆಯ ದಿನ ನಾನು ಬಟ್ಟೆ ಮಡಿಸುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ಸೀರೆಯ ಅಂಚು ನೇವರಿಸುತ್ತಾ, "ಸುಮಾ, ಶಿವೂಗೆ ಹೇಳ್ಬ್ಯಾಡ. ನೀನು ಸ್ಕೂಲಿಗೆ ಹೋದ್ಮೇಲೆ ನಾನು ದಿನಾ ಒಂದ್ ಚಿಟಿಕೆ ಕಾಳು ಹಾಕ್ತಿದ್ದೆ" ಎಂದರು. "ಪೂಜೆ ಮುಗ್ಸಿ ಬಂದ್ರೆ ಸಾಕು, ನನ್ ಕೈನೇ ನೋಡ್ಕೊಂಡು ಬಾಯ್ ಬಿಡ್ತಿತ್ತು ಕಣೇ. ಹಸ್ಕೊಂಡಿರೋದನ್ನ ನೋಡ್ಕೊಂಡು ನಾನ್ ಹೆಂಗೆ ತಿಂಡಿ ತಿನ್ಲಿ? ನಾನೇ ಕೊಂದ್ಬಿಟ್ಟೆ ಅನ್ಸುತ್ತೆ."

ಸಮಾಧಾನ ಹೇಳಿ ಹಿತ್ತಿಲಿಗೆ ಬಂದರೆ ಚಿಕ್ಕತ್ತೆ ನನ್ನ ಕೈ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮರೆಗೆ ಎಳೆದುಕೊಂಡು ಹೋದರು. "ಅಕ್ಕುಂಗೆ ಗೊತ್ತಾದ್ರೆ ನನ್ನ ಮನೆ ಒಳಗೆ ಸೇರ್ಸಲ್ಲ" ಎಂದು ಶುರು ಮಾಡಿದರು. ಕುಂಡಗಳ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿನಿಂದ ಸೊಳ್ಳೆಯ ಮರಿಹುಳಗಳನ್ನು ಟೀ ಸೋಸುವ ಜರಡಿಯಲ್ಲಿ ಹಿಡಿದು ಅವರು ಪಾಳೇಗಾರನಿಗೆ ದಿನವೂ ಮಧ್ಯಾಹ್ನದ ಊಟ ಬಡಿಸುತ್ತಿದ್ದರಂತೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು! ನನ್ನ ಮುಖ ನೋಡಿ, "ನಾನೇನು ಹುಳ ಸಾಯ್ಸಿಲ್ಲ ಕಣಮ್ಮ, ಒಂದ್ ನೀರಿಂದ ಇನ್ನೊಂದ್ ನೀರಿಗೆ ಬುಟ್ಟೆ ಅಷ್ಟೇಯ" ಎಂದರು. ನಗು ಬಂತು. ಅವರ ಕಣ್ಣು ನೋಡಿ ಅಲ್ಲೇ ಇಂಗಿತು. ಅಡುಗೆಮನೆಯ ಟೀಗೆ ಬೇರೆ ಹೊಸ ಜರಡಿಯನ್ನೂ ಅವರೇ ತಂದಿಟ್ಟಿದ್ದರು ಎಂಬುದಷ್ಟೇ ನನ್ನ ಪಾಲಿನ ಸಮಾಧಾನ.

ಸಂಜೆ ಉಮೇಶ್ ಸ್ಕೂಟರ್ ನಿಲ್ಲಿಸಿ ಒಳಗೆ ಬರಲಿಲ್ಲ. ಹೊರಗೆ ಹೋದೆ. ಸೀಟಿನ ಕೆಳಗಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದರು. ಒಣಗಿದ ಕೆಂಪು ಹುಳ. ಅಡುಗೆಮನೆಯಲ್ಲಿ ಇಡುವ ಹಾಗಿಲ್ಲ, ಅಮ್ಮನ ಕಣ್ಣಿಗೆ ಬೀಳುವ ಹಾಗಿಲ್ಲ ಎಂದು ಸ್ಕೂಟರಿನಲ್ಲಿ ಬಚ್ಚಿಟ್ಟು, ದಿನವೂ ಬಂದ ಕೂಡಲೇ ಒಂದಿಷ್ಟು ಉದುರಿಸುತ್ತಿದ್ದರಂತೆ. "ನನ್ನ ಗಾಡಿ ಸದ್ದು ಅದಕ್ಕೆ ಗೊತ್ತಾಗ್ತಿತ್ತು ಸುಮಾ" ಎಂದರು, ಮಕ್ಕಳಿಗೆ ವಿಜ್ಞಾನ ಕಲಿಸುವ ಮನುಷ್ಯ.

ನಾಲ್ಕು ಜನರ ಮನೆ. ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚದ ಜನ. ಬೀದಿಯಲ್ಲಿ ಎದುರಾದವರನ್ನೆಲ್ಲ ಊಟ ಆಯ್ತಾ ಎಂದು ಕೇಳುವ ಊರು ನಮ್ಮದು. ಆ ಮೀನಿಗೆ ಊಟ ಆಯ್ತಾ ಎಂದು ಒಬ್ಬರು ಇನ್ನೊಬ್ಬರನ್ನು ಒಂದೇ ಒಂದು ದಿನ ಕೇಳಿದ್ದರೆ ಅವನು ಇವತ್ತಿಗೂ ಇರುತ್ತಿದ್ದನೇನೋ. ಕೇಳಲಿಲ್ಲ. ಎಲ್ಲರೂ ಅವನನ್ನೇ ಕೇಳಿದೆವು. ಅವನು ಎಲ್ಲರಿಗೂ ಇಲ್ಲವೆಂದೇ ಹೇಳಿದ. ಎಂದೋ ಗದ್ದೆಯ ನೀರಿನಲ್ಲಿ ಬರಗೆಟ್ಟು ಬಾಳಿದ ಕುಲ. ಸಿಕ್ಕಾಗ ತಿನ್ನುವುದು ಅದಕ್ಕೆ ಮೋಸವಲ್ಲ, ಧರ್ಮ. ನಮಗೆ ಅದು ಪ್ರೀತಿಯಾಗಿ ಕಂಡಿತು.

ಮೂವರ ಗುಟ್ಟೂ ಯಾರೆದುರೂ ಬಿಚ್ಚಬಾರದ ಬಾಣಂತಿಯ ಬಟ್ಟೆಗಂಟಿನಂತೆ ನನ್ನ ಹತ್ತಿರ ಉಳಿಯಿತು. ಅತ್ತೆ ಸೋಮವಾರದ ಒಪ್ಪತ್ತಿನ ಜೊತೆಗೆ ಗುರುವಾರವೂ ಊಟ ಬಿಟ್ಟರು. ಚಿಕ್ಕತ್ತೆ ಬಡಿಸುವುದನ್ನೇ ನಿಲ್ಲಿಸಿದರು. ಸಾರಿನ ಪಾತ್ರೆ ನನ್ನ ಕಡೆ ತಳ್ಳಿ, "ನೀನೇ ಹಾಕ್ಕೊಳಮ್ಮ" ಎನ್ನತೊಡಗಿದರು. ಎಲ್ಲರನ್ನೂ ಕೂರಿಸಿ ಹೇಳಿಬಿಡೋಣ, ಪಾಪವನ್ನು ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೂ ಹಗುರವಾದೀತು ಎಂದುಕೊಂಡೆ. ಆದರೆ ಯಾರಿಗೂ ಹೇಳುವುದಿಲ್ಲವೆಂದು ಮೂವರಿಗೂ ಮಾತು ಕೊಟ್ಟಿದ್ದೆ. ಹಾಗೆ ಗೃಹಪ್ರವೇಶದ ದಿನ ಬಂತು. ಅತ್ತೆಯೂ ಉಮೇಶರೂ ಕೆಲಸಕ್ಕೆ ಕೈಜೋಡಿಸಲು ಹಿಂದಿನ ದಿನವೇ ಹೋಗಿದ್ದರು. ನಾನು ಚಿಕ್ಕತ್ತೆಯನ್ನು ಕರೆದುಕೊಂಡು ಬೆಳಿಗ್ಗೆ ಗುಬ್ಬಿಯ ಬಸ್ಸು ಹತ್ತಿದೆ. ಈಗ ಹೇಳಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿ, "ಚಿಕ್ಕತ್ತೆ, ಆ ಮೀನಿನ ವಿಷ್ಯ..." ಎಂದೆ.

ಅವರು ಕಿಟಕಿಯಿಂದ ಮುಖ ತಿರುಗಿಸಿದರು. "ನಿಮ್ಮತ್ತೆ ಪಾಪ, ಅದರ ಮುಂದೆ ಅಷ್ಟೊತ್ತು ಕೂತ್ಕೊತಿದ್ಲು. ನೀನೂ ಕಾಳು ಹಾಕ್ತಿದ್ದೆ. ಆದ್ರೆ ಅದು ನಂಬ್ಕೊಂಡಿದ್ದಿದ್ದು ನನ್ನೊಬ್ಳನ್ನೇ ಕಣಮ್ಮ" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಪ ಬಂದ್ರೆ ಬರ್ಲಿ ಬುಡು. ಈ ವಯಸ್ಸಲ್ಲಿ ನನ್ ದಾರಿ ಕಾಯ್ಕೊಂಡು ಒಂದ್ ಜೀವ ಇತ್ತಲ್ಲ."

ಪಾಪವನ್ನು ಪಾಲು ಮಾಡಲು ಹೊರಟವಳಿಗೆ, ಅದರ ಜೊತೆಗೆ ಇನ್ನೇನನ್ನು ಪಾಲು ಮಾಡುತ್ತಿದ್ದೇನೆ ಎಂಬುದು ಆಗ ಹೊಳೆಯಿತು. ಅವರ ಕೈ ಮೇಲೆ ಕೈಯಿಟ್ಟು, "ಹೌದು ಚಿಕ್ಕತ್ತೆ, ನಿಮ್ಮನ್ನೇ ಹುಡುಕ್ತಿತ್ತು ಅದು" ಎಂದೆ.

ಆ ವಾರದಲ್ಲೇ ಇದೇ ಮಾತನ್ನು ಅತ್ತೆಗೂ ಹೇಳಿದೆ. ಉಮೇಶರಿಗೂ ಹೇಳಿದೆ. ಇಬ್ಬರೂ ತಲೆಯಾಡಿಸಿ ನಂಬಿದರು. ಆ ಮಾತನ್ನು ನನಗೆ ಹೇಳುವವರು ಮಾತ್ರ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.