ಬಚ್ಚಲದ ಮೇಲೆ ಹೊರಿಸಿದ ಸುಳ್ಳು

ಎಂಟು ವರ್ಷದ ಹಿಂದಿನ ಮಾತು. ಆಗ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನದೊಂದು ಎರಡು ಕೋಣೆಯ ಕ್ಲಿನಿಕ್ ಇತ್ತು. ಸ್ತ್ರೀರೋಗ ವೈದ್ಯೆಯಾಗಿ ಇಪ್ಪತ್ತಾರು ವರ್ಷ ಕಳೆದಿದ್ದೆ. ಡಾಕ್ಟರಮ್ಮನ ಬಾಯಿ ಜೋರು ಎಂದು ಊರೆಲ್ಲ ಹೆಸರಾಗಿತ್ತು. ಆ ಜೋರು ಬಾಯಿ ಬೇಕಾದ ಹೊತ್ತಿಗೇ ಕೈಕೊಟ್ಟಿತು. ಇಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ, ನನ್ನ ತಪ್ಪನ್ನು ಬದಲಿಸಿಲ್ಲ.

ರೇಣುಕಾಳ ತವರು ಮೆಟ್ರಿ ಎಂಬ ಹಳ್ಳಿ, ವಯಸ್ಸು ಇಪ್ಪತ್ತೆರಡು, ಚೊಚ್ಚಲ ಬಸುರಿ. ಗಂಡ ವೀರೇಶ ಸಂಡೂರಿನ ಕಡೆ ಅದಿರು ಲಾರಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವರದು ಐದು ಮನೆಗಳ ವಠಾರ. ಐದಕ್ಕೂ ಸೇರಿ ಒಂದೇ ಬಚ್ಚಲ, ಒಂದೇ ಪಾಯಿಖಾನೆ. ನಾಲ್ಕನೇ ತಿಂಗಳಲ್ಲಿ ಎಲ್ಲ ಬಸುರಿಯರಿಗೂ ಮಾಡಿಸುವಂತೆ ಅವಳಿಗೂ ರಕ್ತಪರೀಕ್ಷೆ ಮಾಡಿಸಿದೆ. ಸಿಫಿಲಿಸ್ ಇತ್ತು.

ಸಿಫಿಲಿಸ್ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ತಾಯಿಯಿಂದ ಹೊಟ್ಟೆಯೊಳಗಿನ ಕೂಸಿಗೂ ದಾಟುತ್ತದೆ. ಸಕಾಲಕ್ಕೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರೆ ವಾಸಿಯಾಗುತ್ತದೆ, ಆದರೆ ಗಂಡನಿಗೂ ಚಿಕಿತ್ಸೆಯಾಗಬೇಕು. ಇಲ್ಲದಿದ್ದರೆ ವಾಸಿಯಾದವಳಿಗೆ ಅವನಿಂದಲೇ ಮತ್ತೆ ಅಂಟುತ್ತದೆ.

ನಮ್ಮ ಕಡೆ ಬಸುರಿಯ ಜೊತೆ ಅತ್ತೆ ಬರುವುದು, ರಿಪೋರ್ಟನ್ನು ಅತ್ತೆಯೇ ಇಸಿದುಕೊಳ್ಳುವುದು ವಾಡಿಕೆ. ರೇಣುಕಾಳ ಅತ್ತೆ ಗಂಗಮ್ಮ ಒಳಗೆ ಬರುವಾಗಲೇ ಅದು ಎಂಥ ರೋಗವೆಂದು ಲ್ಯಾಬಿನಲ್ಲಿ ಕೇಳಿಕೊಂಡು ಬಂದಿದ್ದಳು. ಮುಖ ಕಪ್ಪಿಟ್ಟಿತ್ತು.

"ಇದು ಕೆಟ್ಟ ರೋಗ ಅಂತಲ್ರಿ ಮೇಡಂ. ನನ್ನ ಮಗ ಅಂಥವನಲ್ಲ. ಈಕಿ ಎಲ್ಲಿಂದ ತಂದ್ಲು? ಇವತ್ತ ಮೆಟ್ರಿ ಬಸ್ಸು ಹತ್ತಸ್ತೀನಿ."

ರೇಣುಕಾ ನೆಲ ನೋಡುತ್ತ ಕೂತಿದ್ದಳು, ಕಣ್ಣೀರು ಸೆರಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅಯ್ಯೋ, ಈ ಹುಡುಗಿಯ ಸಂಸಾರ ನನ್ನ ಮೇಜಿನ ಮುಂದೆಯೇ ಮುರಿಯುತ್ತಿದೆಯಲ್ಲ ಅನ್ನಿಸಿತು. ಇಂಥ ಹೊತ್ತಿಗೆಂದೇ ನಮ್ಮ ಹಿರಿಯ ವೈದ್ಯರಲ್ಲಿ ಕೆಲವರು ಒಂದು ಮಾತು ಇಟ್ಟುಕೊಂಡಿದ್ದರು. ನಾನೂ ಅದನ್ನೇ ಆಡಿಬಿಟ್ಟೆ.

"ವಠಾರದ ಬಚ್ಚಲ ಎಲ್ಲರೂ ಬಳಸ್ತೀರಲ್ಲ ಗಂಗಮ್ಮ, ಅಲ್ಲಿಂದಲೂ ಬಂದಿರಬಹುದು ಬಿಡ್ರಿ."

ಅಪ್ಪಟ ಸುಳ್ಳು. ಸಿಫಿಲಿಸ್ ರೋಗಾಣು ದೇಹದ ಹೊರಗೆ ಬಹಳ ಬೇಗ ಸಾಯುತ್ತದೆ. ಬಕೆಟ್ಟು, ಮಗ್ಗು, ನಲ್ಲಿ, ಪಾಯಿಖಾನೆಯ ಕಲ್ಲು, ಇವುಗಳಿಂದ ಅದು ಅಂಟುವುದಿಲ್ಲ. ಲೈಂಗಿಕ ರೋಗಗಳ ಬೇರೆ ಕೆಲವು ರೋಗಾಣುಗಳು ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಉಳಿದಾವು. ಆದರೂ ಹಾಗೆ ಹರಡುವುದು ತೀರಾ ಅಪರೂಪ. ಇದೆಲ್ಲ ನನಗೆ ಗೊತ್ತಿತ್ತು. ಗಂಗಮ್ಮನ ಮುಖ ತಿಳಿಯಾಯಿತು, ಸೊಸೆಯ ತಲೆ ಸವರಿದಳು. ನಾನೇನೋ ದೊಡ್ಡ ಪುಣ್ಯ ಕಟ್ಟಿಕೊಂಡೆ ಎಂದು ಹಿಗ್ಗಿದೆ.

ರೇಣುಕಾಗೆ ಇಂಜೆಕ್ಷನ್ ಕೊಟ್ಟೆ. ಅವಳೊಬ್ಬಳನ್ನೇ ಕೂರಿಸಿ ನಿಜ ಹೇಳಿದೆ. ಗಂಡನಿಗೆ ಚಿಕಿತ್ಸೆಯಾಗುವ ತನಕ ಜೊತೆಗೆ ಮಲಗಬೇಡ ಅಂದೆ.

"ಅದು ನನ್ ಕೈಯಾಗ ಐತೇನ್ರಿ ಮೇಡಂ?" ಅಂದಳು.

ಎರಡು ವಾರ ಕಾಡಿಸಿ ವೀರೇಶ ಬಂದ. ಇಂಜೆಕ್ಷನ್ ಅಂದ ಕೂಡಲೇ ನಕ್ಕ. "ಬಚ್ಚಲದ ರೋಗಕ್ಕ ನನಗ್ಯಾಕ್ರಿ ಸೂಜಿ? ನಾ ಸ್ನಾನ ಮಾಡೋದು ಸಂಡೂರಾಗ." ಬಚ್ಚಲದಿಂದ ಅದು ಬರುವುದಿಲ್ಲ, ನಿನ್ನ ರಕ್ತವನ್ನೂ ನೋಡಬೇಕು ಎಂದು ದನಿಯೆತ್ತಿದೆ. "ನಮ್ಮವ್ವಗ ಒಂದು ಹೇಳ್ತೀರಿ, ನನಗೊಂದು ಹೇಳ್ತೀರಿ. ನಿಮಗ ಸರಿಯಾಗಿ ಗೊತ್ತಿಲ್ಲ ಬಿಡ್ರಿ," ಎಂದು ಎದ್ದು ಹೋದ. ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಅದೇ ವಠಾರದ ಹೊನ್ನೂರವ್ವ ಕ್ಲಿನಿಕ್ಕಿಗೆ ಬಂದಳು. ಗಂಡ ಬಿಟ್ಟುಹೋದ ನಲವತ್ತರ ಹೆಂಗಸು, ಜೋಳದ ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದಳು. ಬಚ್ಚಲದಿಂದ ರೋಗ ಬಂತೆಂದರೆ ಅಲ್ಲಿ ಯಾರೋ ಇಟ್ಟಿರಬೇಕಲ್ಲ? ಐದು ಮನೆಯಲ್ಲಿ ಒಂಟಿ ಹೆಂಗಸು ಅವಳೊಬ್ಬಳೇ.

"ನನ್ನ ಬಕೀಟು ಹೊರಗ ಒಗದಾರ್ರಿ. ಬಚ್ಚಲಕ್ಕ ಬೀಗ ಹಾಕ್ಯಾರ. ನನ್ನ ರೊಟ್ಟಿ ಯಾರೂ ಮುಟ್ಟವಲ್ಲರು. ಡಾಕ್ಟರಮ್ಮನ ಹೇಳ್ಯಾರ ಅಂತಾರ್ರಿ."

ಅವಳ ರಕ್ತ ಪರೀಕ್ಷಿಸಿದೆ. ಯಾವ ಸೋಂಕೂ ಇರಲಿಲ್ಲ. ರಿಪೋರ್ಟು ಕೈಗಿಟ್ಟೆ. ಅವಳು ಅದನ್ನು ಮೇಜಿನ ಮೇಲೆಯೇ ಬಿಟ್ಟಳು.

"ಚೀಟಿ ಯಾರು ಓದ್ತಾರ್ರಿ? ನೀವ ಒಂದ್ಸಲ ಬಂದು ಹೇಳ್ರಿ. ಬಚ್ಚಲದಿಂದ ಬರಂಗಿಲ್ಲ ಅಂದ್ರ ಸಾಕು."

ಭಾನುವಾರ ಬರುತ್ತೇನೆ ಅಂದೆ. ಹೋಗಲಿಲ್ಲ. ಹೋಗಿ ಹಾಗೆಂದರೆ ರೇಣುಕಾಗೆ ಎಲ್ಲಿಂದ ಬಂತೆಂದು ಗಂಗಮ್ಮ ಮತ್ತೆ ಕೇಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಆಡಿದ ಮಾತು ಸುಳ್ಳೆಂದು ಐದು ಮನೆಯವರ ಮುಂದೆ ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗಿತ್ತು. ಎರಡು ವಾರವಾದ ಮೇಲೆ ಹೊನ್ನೂರವ್ವ ಮನೆ ಖಾಲಿ ಮಾಡಿದಳೆಂದು ಕೇಳಿದೆ.

ಎಂಟನೇ ತಿಂಗಳಲ್ಲಿ ರೇಣುಕಾ ಹೊಟ್ಟೆ ಹಿಡಿದುಕೊಂಡು ಬಂದಳು. "ಎರಡು ದಿನ ಆತ್ರಿ, ಕೂಸು ಒದಿಯವಲ್ದು." ಸ್ಕ್ಯಾನಿಂಗಿನಲ್ಲಿ ಎದೆಬಡಿತ ಇರಲಿಲ್ಲ. ಕೂಸು ಸತ್ತೇ ಹುಟ್ಟಿತು. ಗಂಡು, ತಲೆ ತುಂಬ ಕೂದಲು. ಅವಳ ರಕ್ತದಲ್ಲಿ ಸೋಂಕಿನ ಅಳತೆ ಇಳಿದಿದ್ದು ಮತ್ತೆ ಮೇಲೇರಿತ್ತು. ಗಂಡನಿಂದ ಎರಡನೇ ಸಲ ಅಂಟಿತ್ತು. ಅವತ್ತು ಗಂಗಮ್ಮನನ್ನೂ ವೀರೇಶನನ್ನೂ ಕೂರಿಸಿ, ಬಚ್ಚಲದ ಮಾತು ಸುಳ್ಳು, ನಾನೇ ಆಡಿದ್ದು ಎಂದು ಹೇಳಿದೆ. ವೀರೇಶ ರಕ್ತಪರೀಕ್ಷೆಗೆ ತೋಳು ಚಾಚಿದ, ಇಂಜೆಕ್ಷನ್ ತೆಗೆದುಕೊಂಡ. ಆ ಸೂಜಿ ನಾಲ್ಕು ತಿಂಗಳು ತಡವಾಗಿತ್ತು.

ಹೊನ್ನೂರವ್ವ ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ತಂಗಿಯ ಮನೆಯಲ್ಲಿದ್ದಾಳೆಂದು ತಿಳಿದು ಹುಡುಕಿಕೊಂಡು ಹೋದೆ. ಗುರುತು ಹಿಡಿದು, "ಬರ್ರಿ ಮೇಡಂ, ಕುಂದ್ರಿ," ಎಂದು ಕಟ್ಟೆಯ ಮೇಲೆ ಚಾಪೆ ಹಾಸಿದಳು. ಒಂದು ಚೆಂಬು ನೀರು ತಂದಳು, ಆದರೆ ಕೈಗೆ ಕೊಡದೆ ದೂರದಲ್ಲಿಟ್ಟಳು.

"ನಾ ಮುಟ್ಟಿದ್ದು ಐತ್ರಿ. ಕುಡಿತೀರೇನ್ರಿ?"

ಪೂರ್ತಿ ಕುಡಿದೆ. ನಿನಗೆ ಯಾವ ರೋಗವೂ ಇಲ್ಲವ್ವ, ಬಚ್ಚಲದಿಂದ ಅದು ಬರುವುದಿಲ್ಲ, ನಾನು ಸುಳ್ಳು ಹೇಳಿದೆ, ತಪ್ಪಾಯಿತು ಅಂದೆ. ಹೇಳುತ್ತಲೇ ಅತ್ತುಬಿಟ್ಟೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಇದನ್ನ ಆ ಭಾನುವಾರ ಬಂದು ಹೇಳಿದ್ರ ಭಾಳ ಆಗ್ತಿತ್ತಲ್ರಿ," ಅಂದಳು. "ನಾ ಬಾಗಿಲಾಗ ಕುಂತಿದ್ದೆ, ಸಂಜಿತನ."

ಈಗಲೂ ವಾರಕ್ಕೊಬ್ಬರಾದರೂ ದನಿ ತಗ್ಗಿಸಿ, ಇಂಥ ರೋಗ ಬಚ್ಚಲದಿಂದ ಬರುತ್ತದೆಯೇ ಎಂದು ನನ್ನನ್ನು ಕೇಳುತ್ತಾರೆ. ಇಲ್ಲ, ಬಚ್ಚಲದಿಂದ ಬರುವುದಿಲ್ಲ ಅನ್ನುತ್ತೇನೆ. ರಿಪೋರ್ಟನ್ನು ಅತ್ತೆಯ ಕೈಗೆ ಕೊಡುವುದಿಲ್ಲ, ಗಂಡ ಹೆಂಡತಿ ಇಬ್ಬರನ್ನೇ ಒಳಗೆ ಕೂರಿಸಿ ನಿಜ ಹೇಳುತ್ತೇನೆ. ಕೆಲವರು ಜಗಳವಾಡುತ್ತಾರೆ, ಕೆಲವರು ಎದ್ದು ಹೋಗುತ್ತಾರೆ. ಯಾರದೋ ಸಂಸಾರ ಉಳಿಸುತ್ತೇನೆಂದು ಸುಳ್ಳು ಹೇಳುವ ಅಧಿಕಾರ ವೈದ್ಯರಿಗಿಲ್ಲ. ಇದನ್ನು ಕಲಿಯಲು ನನಗೆ ಒಂದು ಕೂಸು, ಒಬ್ಬ ಹೆಂಗಸಿನ ಮನೆ ಬೇಕಾಯಿತು.